ತೋಡಿನ ಕರೆಂಟು ನಿಂತಿದೆ, ರಿಪೇರಿಯ ಹಣ ಒಬ್ಬರಿಂದಲೇ ಪಡೆಯಬಹುದೇ?

ಅಂಚೆಯಕ್ಕ (ಭಾಗಮಂಡಲದ ಕಡೆ)

ನಮ್ಮದು ಭಾಗಮಂಡಲದಿಂದ ಒಳಗೆ, ಬಸ್ಸು ತಿರುಗುವ ಜಾಗದಿಂದ ಇನ್ನೂ ಎರಡು ಕಿಲೋಮೀಟರ್ ಏರಬೇಕಾದ ಹದಿನಾಲ್ಕು ಮನೆಗಳ ಊರು. ಅಂಚೆ ಕಚೇರಿ ನನ್ನ ಮನೆಯ ಜಗಲಿಯಲ್ಲೇ ಇದೆ. ಹೇಗೂ ದುಡ್ಡು ಎಣಿಸುವವಳು ಎಂದು 2016ರಲ್ಲಿ ತೋಡಿನ ಕರೆಂಟಿನ, ಎಂದರೆ ಹಳ್ಳದ ನೀರಿನಿಂದ ಊರವರೇ ತಯಾರಿಸುವ ಕರೆಂಟಿನ, ಲೆಕ್ಕದ ಪುಸ್ತಕವನ್ನೂ ನನ್ನ ಕೈಗೆ ಹಾಕಿದರು. ಒಂಬತ್ತು ಮಳೆಗಾಲ ಬರೆದಿದ್ದೇನೆ. ಈಗ ಆ ಪುಸ್ತಕ ಮುಚ್ಚಬೇಕಾಗುತ್ತದೆಯೇ ಎಂಬ ಅನುಮಾನ ಬಂದಿದೆ, ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಯಂತ್ರದ ವಿಷಯ. ದೇವರಕಾಡಿನ ಅಂಚಿನಲ್ಲಿ ತೋಡಿಗೆ ಸಣ್ಣ ಕಟ್ಟ ಹಾಕಿದ್ದೇವೆ. ಅಲ್ಲಿಂದ ಮೂರು ತೋಟ ದಾಟಿ ಪೈಪು ಇಳಿಯುತ್ತದೆ. ಇಳಿಜಾರಿನ ಎತ್ತರ 28 ಮೀಟರ್, ಮಳೆಗಾಲದಲ್ಲಿ ಸಿಗುವ ನೀರು ಸೆಕೆಂಡಿಗೆ 12 ಲೀಟರ್. ಕಾಗದದ ಮೇಲೆ 3.3 ಕಿಲೋವ್ಯಾಟ್ ಬರಬೇಕು. ಪೈಪು, ಟರ್ಬೈನು, ಜನರೇಟರು ತಮ್ಮ ತಮ್ಮ ಪಾಲು ತಿಂದ ಮೇಲೆ ನಮಗೆ ಉಳಿಯುವುದು 1.8ರ ಆಸುಪಾಸು. ಮನೆಗೊಂದು 1 ಆಂಪಿಯರ್‌ನ ಎಂಸಿಬಿ (ಬಳಕೆ ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚು): ನಾಲ್ಕು ಎಲ್‌ಇಡಿ ಬಲ್ಬು, ಒಂದು ಟಿವಿ, ಮೊಬೈಲು. ಆಸೆಪಟ್ಟು ಇಸ್ತ್ರಿ ಪೆಟ್ಟಿಗೆ ಹಚ್ಚಿದವರ ಮನೆ ಮಾತ್ರ ಕತ್ತಲಾಗುತ್ತದೆ. ಜೂನ್ ಎರಡನೇ ವಾರದಿಂದ ಜನವರಿ ಕೊನೆಯವರೆಗೆ ಓಡಿಸುತ್ತೇವೆ. ಆಮೇಲೆ ತೋಡಿನಲ್ಲಿ ನೀರಿಗಿಂತ ಕಲ್ಲೇ ಹೆಚ್ಚು.

ಸರ್ಕಾರಿ ಲೈನು ಇಲ್ಲವೆಂದಲ್ಲ, ಹನ್ನೆರಡು ಮನೆಗೆ ಮೀಟರ್ ಇದೆ. ಆದರೆ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಲೈನ್‌ಮನ್‌ಗಳಾದರೂ ಏನು ಮಾಡಿಯಾರು? ಒಂದು ಕಡೆ ಕಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದು ಕಡೆ ಹರಿದಿರುತ್ತದೆ. ನಾಲ್ಕೈದು ದಿನ ಕತ್ತಲೆ ಎಂದರೆ ನಮಗೆ ಸುದ್ದಿಯೇ ಅಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಆಚೆ ಊರಿನವರು ಕೊಡೆ ಹಿಡಿದು, ಚಾರ್ಜರ್ ಸುತ್ತಿಕೊಂಡು ನಮ್ಮ ಜಗಲಿಗೆ ಬಂದಿದ್ದರು. ಹತ್ತು ಮೊಬೈಲು ಚಾರ್ಜಿಗೆ ಇಟ್ಟು ಇಪ್ಪತ್ತು ಜನ ಕಾಯುತ್ತಿದ್ದರು. ಮಂಗಳೂರಿನಲ್ಲಿದ್ದ ಮಗನ ಜತೆ ಒಬ್ಬ ಅಜ್ಜಿ ಮಾತನಾಡಿದ್ದು ನನ್ನ ಟಪಾಲು ಚೀಲದ ಮೇಲೆ ಕುಳಿತು. ಆ ವರ್ಷ ತಿಂಗಳ 50 ರೂಪಾಯಿಯನ್ನು ಯಾರೂ ಬಾಕಿ ಇಡಲಿಲ್ಲ.

2023ರ ಆಗಸ್ಟಿನಿಂದ ಗೃಹಜ್ಯೋತಿ ಬಂತು. 200 ಯೂನಿಟ್‌ವರೆಗೆ ಉಚಿತ. ಬಂದದ್ದು ಒಳ್ಳೆಯದೇ, ನನಗೂ ಸೊನ್ನೆ ಬಿಲ್ಲೇ ಬರುತ್ತದೆ. ಆದರೆ ಸೊನ್ನೆ ಬಿಲ್ಲು ಕೈಗೆ ಬಂದ ತಿಂಗಳಿನಿಂದ ನನ್ನ 50 ರೂಪಾಯಿ ಭಾರವಾಗಿ ಕಾಣತೊಡಗಿತು. "ಕಂಬದ ಕರೆಂಟೇ ಬಿಟ್ಟಿ, ತೋಡಿನ ಕರೆಂಟಿಗೆ ಯಾಕೆ ದುಡ್ಡು?" ಎಂದು ಕೇಳುತ್ತಾರೆ. ಒತ್ತಾಯಿಸುವ ಅಧಿಕಾರ ನನಗಿಲ್ಲ. ಇಷ್ಟವಿದ್ದವರು ಕೊಡುವುದು ಎಂದೇ ಶುರುವಾದದ್ದು.

ಕಳೆದ ಅಕ್ಟೋಬರ್ 16ರ ರಾತ್ರಿ, ಮಾರನೆಯ ದಿನ ಕಾವೇರಿ ಸಂಕ್ರಮಣ, ಎಲ್ಲ ಮನೆಯಲ್ಲೂ ನೆಂಟರು. ದೀಪಗಳು ಒಮ್ಮೆ ಬೆಳ್ಳಗೆ ಹೊಳೆದು ಆರಿದವು. ಹನ್ನೊಂದು ಬಲ್ಬು, ಎರಡು ಟಿವಿ ಸುಟ್ಟವು. ಯಂತ್ರದಿಂದ ಹೊಗೆ ಬಂತು. ನೋಡಿದ ಕಂಪನಿಯವರು ಇಡೀ ಸೆಟ್ ಬದಲಿಸಬೇಕು, 86,000 ಎಂದಿದ್ದಾರೆ. ಖಾತೆಯಲ್ಲಿರುವುದು 12,640.

ಈಗ ನಿಜವಾದ ಪ್ರಶ್ನೆ. ತೋಡಿನ ಕೆಳಗೆ ಹೋಂಸ್ಟೇ ಇಟ್ಟಿರುವ ಮಾವ ಒಬ್ಬರಿದ್ದಾರೆ, ಹದಿನಾಲ್ಕರಲ್ಲಿ ಅವರದೂ ಒಂದು ಮನೆ. "ಪೂರ್ತಿ ಹಣ ನಾನೇ ಹಾಕುತ್ತೇನೆ ಮಗಳೇ, ನನಗೆ 1 ಕಿಲೋವ್ಯಾಟ್ ಬಿಟ್ಟುಕೊಡಿ" ಎನ್ನುತ್ತಾರೆ. ಕೆಟ್ಟವರಲ್ಲ. 2021ರಲ್ಲಿ ಆನೆ ಪೈಪು ತುಳಿದಾಗ ಜೀಪಿನಲ್ಲಿ ಪೈಪು ತಂದುಕೊಟ್ಟವರೂ ಅವರೇ. ಉಳಿದವರಲ್ಲಿ ಏಳು ಮನೆ ಒಪ್ಪಿವೆ, ಮೂರು ಮನೆ ಸುಮ್ಮನಿವೆ, ಒಂದು ಮನೆ ಬೇಡವೇ ಬೇಡ ಎನ್ನುತ್ತಿದೆ. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಎರಡು ಕುಟುಂಬವನ್ನು ಯಾರೂ ಕೇಳಿಲ್ಲ. ಅವರಿಗೆ ಮೀಟರೂ ಇಲ್ಲ, ಪುಸ್ತಕದಲ್ಲಿ ಮೊದಲ ದಿನದಿಂದ ಅವರ ಹೆಸರಿನ ಮುಂದೆ ಬಾಕಿ ಎಂದೇ ಇದೆ.

ಮಾವನ ಹಣ ತೆಗೆದುಕೊಳ್ಳಬಹುದೇ? ಇಂಥದ್ದನ್ನು ಕಂಡವರು ಹೇಳಿ.

---

ಪೊನ್ನಂಪೇಟೆ ರೊಬಸ್ಟಾ

ಅಕ್ಕ, ಬೇಸರ ಮಾಡಿಕೊಳ್ಳಬೇಡಿ. 1.8 ಕಿಲೋವ್ಯಾಟಿಗೆ ಇಷ್ಟು ಸಭೆ, ಇಷ್ಟು ಸಂಕಟ ಯಾಕೆ? ಯಂತ್ರವನ್ನು ಗುಜರಿಗೆ ಹಾಕಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಚಾವಣಿಯ ಸೋಲಾರಿಗೆ 1 ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ಇದೆ. ಅದೂ ಬೇಡವೆಂದರೆ ಮನೆಗೊಂದು ಇನ್ವರ್ಟರ್, ಒಂದು ಬ್ಯಾಟರಿ. ಅವರವರ ಮನೆ, ಅವರವರ ದೀಪ. ಬಾಕಿ ಕೇಳುವ ಕೆಲಸವೂ ತಪ್ಪುತ್ತದೆ.

ನಮ್ಮ ಕಡೆ ಮೈಸೂರು–ಕೋಯಿಕ್ಕೋಡ್ 400 ಕೆ.ವಿ. ಲೈನಿಗೆ ಸಾವಿರಾರು ಮರ ಕಡಿದರು. ಅಷ್ಟು ಕರೆಂಟು ತಲೆಯ ಮೇಲೇ ಹರಿದುಹೋಗುತ್ತದೆ, ಕೆಳಗೆ ನಾವು ಮೇಣದ ಬತ್ತಿ ಹುಡುಕುತ್ತೇವೆ. ಕೊಡಗಿನಲ್ಲಿ ಸಾಮೂಹಿಕ ವಿಷಯ ಎಂದರೆ ನನಗೆ ನಂಬಿಕೆ ಹೋಗಿದೆ.

---

ಅಂಚೆಯಕ್ಕ

ತಮ್ಮಾ, ಇನ್ವರ್ಟರ್ ಎರಡು ಮನೆಯಲ್ಲಿ ಇದೆ. ಲೈನು ಒಂದು ದಿನ ಹೋದರೆ ಅವರು ರಾಜರು. ಎರಡನೆಯ ರಾತ್ರಿ ಬ್ಯಾಟರಿ ಇಳಿಯುತ್ತದೆ, ತುಂಬಿಸಲು ಲೈನು ಬೇಕು, ಲೈನು ಇಲ್ಲ. ಮೂರನೆಯ ದಿನ ಆ ಎರಡು ಮನೆಯವರೇ ತೋಡಿನ ಸ್ವಿಚ್ಚು ಹಾಕುತ್ತಾರೆ. ಇನ್ನು ಸೋಲಾರು ನಮ್ಮ ಸುರಿಮಳೆಯ ಕಕ್ಕಡ ತಿಂಗಳಿನಲ್ಲಿ ಏನು ಕೊಡುತ್ತದೆ? ಆಗ ಬಿಸಿಲು ಕಂಡರೆ ಮಕ್ಕಳು ಹೊರಗೆ ಬಂದು ನೋಡುತ್ತಾರೆ. ಬೇಸಿಗೆಗೆ ಒಳ್ಳೆಯದು, ಅದನ್ನು ಒಪ್ಪುತ್ತೇನೆ.

---

ಹಳೇ ಲೈನ್‌ಮನ್ (ಮಡಿಕೇರಿ, ನಿವೃತ್ತ)

ಪೊನ್ನಂಪೇಟೆಯವರಿಗೆ ಒಂದು ಮಾತು. ಗ್ರಿಡ್‌ಗೆ ಕಟ್ಟಿದ ಸಾಮಾನ್ಯ ಸೋಲಾರು, ಲೈನು ಸತ್ತ ಕೂಡಲೇ ತಾನೂ ನಿಲ್ಲುತ್ತದೆ. ಅದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಇಲ್ಲದಿದ್ದರೆ ಚಾವಣಿಯ ಕರೆಂಟು ತಂತಿಗೆ ಹರಿದು, ಕಂಬದ ಮೇಲಿರುವ ನಮ್ಮಂಥವರನ್ನು ಕೊಲ್ಲುತ್ತದೆ. ಬ್ಯಾಟರಿ ಇರುವ ಹೈಬ್ರಿಡ್ ಹಾಕಿದರೆ ಮಾತ್ರ ಕತ್ತಲೆಯಲ್ಲಿ ಕೆಲಸಕ್ಕೆ ಬರುತ್ತದೆ, ಅದಕ್ಕೆ ಹಣ ಬೇರೆ.

ಅಂಚೆಯಕ್ಕ, ನಿಮ್ಮ ಮನೆಗಳಲ್ಲೂ ಇದೇ ಅಪಾಯ ಇದೆ. ತೋಡಿನದು, ಕಂಬದದು ಎರಡೂ ಒಂದೇ ವೈರಿಂಗಿಗೆ ಬರುವುದಾದರೆ ಪ್ರತಿ ಮನೆಯಲ್ಲೂ ಚೇಂಜ್‌ಓವರ್ ಸ್ವಿಚ್ (ಒಂದು ಸಲಕ್ಕೆ ಒಂದೇ ಕಡೆಯ ಕರೆಂಟು ಬಿಡುವುದು) ಇರಲೇಬೇಕು. ನಿಮ್ಮ 230 ವೋಲ್ಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್ ಸೇರಿದರೆ ಆಚೆ ಬದಿಯಲ್ಲಿ 11,000 ವೋಲ್ಟ್ ಆಗುತ್ತದೆ. ಇದ್ದರೆ ಸರಿ, ಇಲ್ಲದಿದ್ದರೆ ಹಣದ ಮಾತು ಆಮೇಲೆ.

ಇನ್ನು ಸುಟ್ಟ ವಿಷಯ. ದೀಪ ಬೆಳ್ಳಗೆ ಹೊಳೆದು ಆರಿತು ಎಂದಿರಲ್ಲ, ನನಗೆ ಅಲ್ಲೇ ಅರ್ಧ ಅರ್ಥವಾಯಿತು. ನೀರು ಒಂದೇ ಸಮನೆ ಬೀಳುತ್ತದೆ, ನಿಮ್ಮ ಬಳಕೆ ಮಾತ್ರ ಏರಿಳಿಯುತ್ತದೆ. ಹೆಚ್ಚಾದ ಕರೆಂಟನ್ನು ಲೋಡ್ ಕಂಟ್ರೋಲರ್ ಎಂಬ ಪೆಟ್ಟಿಗೆ ಹೀಟರ್ ಕಾಯಿಲ್‌ಗಳಿಗೆ ತಿರುಗಿಸಿ ಸುಟ್ಟುಹಾಕುತ್ತದೆ. ಕಾಯಿಲ್ ಕೆಟ್ಟರೆ ಹೆಚ್ಚಾದದ್ದಕ್ಕೆ ಹೋಗಲು ದಾರಿ ಇಲ್ಲ. ಯಂತ್ರ ಹುಚ್ಚು ವೇಗದಲ್ಲಿ ತಿರುಗುತ್ತದೆ, ವೋಲ್ಟೇಜ್ ಏರುತ್ತದೆ, ಕೊನೆಗೆ ಎಲ್ಲವೂ ಸುಡುತ್ತದೆ. ಕಾಯಿಲ್‌ಗಳನ್ನು ಮಲ್ಟಿಮೀಟರ್‌ನಲ್ಲಿ ಒಂದೊಂದಾಗಿ ನೋಡಿಸಿ. ಜನರೇಟರನ್ನು ಮೆಗ್ಗರ್ (ತಂತಿಯ ಹೊದಿಕೆ ಕೆಟ್ಟಿದೆಯೇ ಎಂದು ಅಳೆಯುವ ಮೀಟರು) ಇರುವ ಒಬ್ಬ ರೀವೈಂಡಿಂಗ್‌ನವನಿಗೆ ತೋರಿಸಿ. ಟರ್ಬೈನು ತಿರುಗುತ್ತಿದ್ದರೆ ಅದನ್ನು ಮುಟ್ಟುವುದೇ ಬೇಡ. ಇಡೀ ಸೆಟ್ ಬದಲಿಸಬೇಕು ಎಂಬುದನ್ನು ನಾನು ನಂಬುವುದಿಲ್ಲ.

ಹೋಂಸ್ಟೇಯವರಿಗೆ 1 ಕಿಲೋವ್ಯಾಟ್ ಕೊಟ್ಟರೆ ಉಳಿದ ಹದಿಮೂರು ಮನೆಗೆ 800 ವ್ಯಾಟ್. ಮನೆಗೆ ಅರವತ್ತು ಚಿಲ್ಲರೆ. ಟಿವಿ ಹಚ್ಚಿದರೆ ಬಲ್ಬು ಆರಿಸಬೇಕು. ಅವರಿಗೆ ನಿಜವಾಗಿ ಬೇಕಾದದ್ದು ಬಿಸಿನೀರಾದರೆ, ಸುಮ್ಮನೆ ಸುಡುವ ಆ ಹೆಚ್ಚುವರಿಯನ್ನು ಅವರ ತೊಟ್ಟಿಗೆ ತಿರುಗಿಸಬಹುದು. ಆದರೆ ತೊಟ್ಟಿ ಬರಿದಾದರೆ ಕಾಯಿಲ್ ಸುಡುತ್ತದೆ, ಮತ್ತೆ ಇದೇ ಕಥೆ.

ಒಂದು ಕೇಳಲು ಮರೆತೆ. ಕಟ್ಟದ ಬಾಯಿಯ ಜಾಲರಿಗೆ ಎಲೆ ಕಟ್ಟುತ್ತದಲ್ಲ, ಅದನ್ನು ತೆಗೆಯುವವರು ಯಾರು? ಅವರಿಗೆ ಏನು ಕೊಡುತ್ತೀರಿ?

---

ಶನಿವಾರಸಂತೆ ಸೊಸೈಟಿ

ನಾನು ಸಹಕಾರ ಸಂಘದ ಲೆಕ್ಕದಲ್ಲಿ ಇಪ್ಪತ್ತೆರಡು ವರ್ಷ ಕಳೆದವನು, ಹಾಗಾಗಿ ಯಂತ್ರದ ಬಗ್ಗೆ ಮಾತನಾಡುವುದಿಲ್ಲ.

ತಿಂಗಳಿಗೆ 50 ರೂಪಾಯಿ ಎಂದಿಟ್ಟದ್ದೇ ಮೊದಲ ತಪ್ಪು. ಕಾಫಿ ಬೆಳೆಗಾರನ ಕೈಯಲ್ಲಿ ತಿಂಗಳ ಸಂಬಳ ಎಲ್ಲಿರುತ್ತದೆ? ಆಗಸ್ಟಿನಲ್ಲಿ ಅವನ ಜೇಬಿನಲ್ಲಿ ಇರುವುದು ಗೊಬ್ಬರದ ಅಂಗಡಿಯ ಚೀಟಿ ಮಾತ್ರ. ಕಾಫಿ ಕೊಯ್ದು, ಕಣದಲ್ಲಿ ಒಣಗಿಸಿ, ಚೀಲ ಕೊಟ್ಟ ವಾರ ಕೇಳಿ. 600 ಕೇಳಿದರೆ 600 ಕೊಡುತ್ತಾನೆ, ಚಹಾ ಕುಡಿಸಿ ಕೊಡುತ್ತಾನೆ. ನಮ್ಮ ಸಂಘದ ಸಾಲ ವಸೂಲಿಯೂ ಆಗುವುದು ಆಗಲೇ. ಮೆಣಸು ಬಿಡಿಸುವವರೆಗೆ ತಡೆಯಿರಿ ಎಂದವರಿಗೆ ಅಲ್ಲಿಯವರೆಗೆ ತಡೆಯಿರಿ.

ಎರಡನೆಯದು, ಮಾವನ ಹಣ. ನಮ್ಮ ಪಕ್ಕದ ಊರಿನಲ್ಲಿ ಕುಡಿಯುವ ನೀರಿನ ಪೈಪಿಗೆ ಹೀಗೆಯೇ ಒಬ್ಬರು ಪೂರ್ತಿ ಹಣ ಹಾಕಿದರು. ಒಳ್ಳೆಯ ಮನುಷ್ಯ, ಬದುಕಿರುವವರೆಗೆ ಒಂದು ಮಾತು ಆಡಲಿಲ್ಲ. ಅವರು ತೀರಿಕೊಂಡ ಮೇಲೆ ತೋಟ ಭಾಗವಾಯಿತು, ಮಗ ವಾಲ್ವಿಗೆ ಬೀಗ ಹಾಕಿದ. ಅಪ್ಪ ಕೊಟ್ಟದ್ದು ದಾನವೋ ಬಂಡವಾಳವೋ ಎಂದು ಬರೆದಿಟ್ಟ ಒಂದು ಸಾಲು ಯಾರ ಹತ್ತಿರವೂ ಇರಲಿಲ್ಲ. ಆದ್ದರಿಂದ ತೆಗೆದುಕೊಳ್ಳುವುದಾದರೆ ಸಾಲ ಎಂದು ಬರೆದು ತೆಗೆದುಕೊಳ್ಳಿ. ಬಡ್ಡಿ ಇಲ್ಲ, ನಾಲ್ಕು ಕಂತು, ಎಲ್ಲರ ಸಹಿ. ಎಷ್ಟೇ ಹಣ ಹಾಕಲಿ, ಮನೆಗೆ ಒಂದೇ ಮತ. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ನಾವು ಕಲಿತ ಪಾಠ ಅದೊಂದೇ, ಅದನ್ನೂ ಆಗಾಗ ಮರೆಯುತ್ತೇವೆ.

ಹೊರಗಿನ ಹಣ ಬೇಕೆಂದರೆ ಊರಿನ ಗುಂಪು ಎಂಬ ಹೆಸರು ಸಾಲದು. ಏಳು ಜನ ಸೇರಿದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಬಹುದು. ಆದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೆ ಅದೂ ಸಾಲದು, ಆದಾಯ ತೆರಿಗೆ ಇಲಾಖೆಯಲ್ಲಿ ದತ್ತಿ ಸಂಸ್ಥೆಯೆಂಬ ನೋಂದಣಿ, ಮೇಲೆ ಸಿಎಸ್‌ಆರ್-1 ಎಂಬ ನಮೂನೆ. ಹದಿನಾಲ್ಕು ಮನೆಗೆ ಇದು ಅತಿಯಾಯಿತು. ಅದಕ್ಕಿಂತ ಪಂಚಾಯಿತಿಗೆ ಹೋಗಿ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಉಳಿದ ಪಾಲಿನಲ್ಲಿ ಊರಿನ ದಾರಿದೀಪಕ್ಕೆ ಏನಾದರೂ ಆಗಬಹುದೇ ಎಂದು ಗ್ರಾಮಸಭೆಯಲ್ಲಿ ಬರೆಸಿ. ಈ ವರ್ಷ ಸಿಗುತ್ತದೆ ಎಂದು ನಂಬಿ ಕೂರಬೇಡಿ, ಬರೆಸಿಡಿ.

---

ಅಂಚೆಯಕ್ಕ

ಹತ್ತು ದಿನ ಉತ್ತರಿಸಲಿಲ್ಲ, ಕ್ಷಮಿಸಿ. ಓಡಾಟ ಇತ್ತು.

ಲೈನ್‌ಮನ್ ಅಣ್ಣ, ಚೇಂಜ್‌ಓವರ್ ಹತ್ತು ಮನೆಯಲ್ಲಿ ಇತ್ತು. ಎರಡು ಮನೆಯಲ್ಲಿ ತೆಗೆದು ನೇರ ಕೊಟ್ಟುಕೊಂಡಿದ್ದರು, ಬೈದು ಹಾಕಿಸಿದೆ. ಕಾಯಿಲ್ ಮೂರರಲ್ಲಿ ಎರಡು ಸತ್ತಿವೆ. ಯಾವಾಗ ಸತ್ತವೋ ಯಾರಿಗೂ ಗೊತ್ತಿಲ್ಲ. ಮಡಿಕೇರಿಯಲ್ಲಿ ರೀವೈಂಡಿಂಗ್ ಮಾಡುವವರು ಜನರೇಟರ್ ಬಿಚ್ಚಿ ನೋಡಿದರು, ಸುತ್ತು ಸುಟ್ಟಿದೆ, ಆದರೆ ಕಬ್ಬಿಣ ಚೆನ್ನಾಗಿದೆಯಂತೆ. ರೀವೈಂಡಿಂಗ್ 11,000, ಕಂಟ್ರೋಲರಿನ ಬೋರ್ಡು 21,000, ಕಾಯಿಲ್ 1,800, ಬೇರಿಂಗ್ 1,600. ಒಟ್ಟು 35,400. ಖಾತೆಯಲ್ಲಿರುವುದನ್ನು ಕಳೆದರೆ ಬೇಕಾದದ್ದು 22,760. ಎಂಬತ್ತಾರು ಸಾವಿರ ಎಂದಾಗ ಹೆದರಿ ಮನೆ ಮನೆ ಸುತ್ತಿದೆನಲ್ಲ, ಅದನ್ನು ನೆನೆದರೆ ಈಗ ಸಿಟ್ಟು ಬರುತ್ತದೆ.

ಜಾಲರಿ ಯಾರು ತೊಳೆಯುತ್ತಾರೆ ಎಂದು ಕೇಳಿದ್ದಿರಿ. ಆ ಪ್ರಶ್ನೆ ಓದಿ ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ತೊಳೆಯುವುದು ಲೈನ್ ಮನೆಯ ಆ ಎರಡು ಕುಟುಂಬ. ಮೊದಲ ವರ್ಷ ಯಾರು ಹೇಳಿದರೋ, ಅಂದಿನಿಂದ ಅವರೇ. ಜುಲೈಯಲ್ಲಿ ರಾತ್ರಿ ಹನ್ನೊಂದಕ್ಕೆ ದೀಪ ಮಂಕಾದರೆ ನಾವು ಕಂಬಳಿಯೊಳಗಿಂದಲೇ "ಎಲೆ ಕಟ್ಟಿತು" ಎನ್ನುತ್ತೇವೆ. ಕಾಲು ಗಂಟೆಯಲ್ಲಿ ದೀಪ ಏರುತ್ತದೆ. ಆ ಕಾಲು ಗಂಟೆಯಲ್ಲಿ ಯಾರೋ ಜಿಗಣೆಯ ನಡುವೆ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ತೋಡಿನಲ್ಲಿ ಮೊಣಕಾಲವರೆಗೆ ನಿಂತಿರುತ್ತಾರೆ ಎಂಬುದು ನನ್ನ ಪುಸ್ತಕದ ಯಾವ ಅಂಕಣದಲ್ಲೂ ಇಲ್ಲ.

ಕುಳಿತು ಲೆಕ್ಕ ಹಾಕಿದೆ. ದಿನಕ್ಕೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ, ನಮ್ಮ ಕಡೆಯ ಕೂಲಿಯಲ್ಲಿ ಅದು 30 ರೂಪಾಯಿ. ವರ್ಷಕ್ಕೆ 230 ದಿನದಂತೆ ಎಂಟು ವರ್ಷ, ಒಂಬತ್ತನೆಯ ವರ್ಷ ಅಕ್ಟೋಬರ್ 16ಕ್ಕೇ ನಿಂತದ್ದರಿಂದ 127 ದಿನ. ಒಟ್ಟು 1,967 ದಿನ, 59,010 ರೂಪಾಯಿ. ಇಷ್ಟು ವರ್ಷದಲ್ಲಿ ಉಳಿದ ಹನ್ನೆರಡು ಮನೆಯಿಂದ ನಾನು ವಸೂಲು ಮಾಡಿದ ನಗದು 41,350. ಲೈನ್ ಮನೆಯ ಎರಡು ಕುಟುಂಬದ ಮೇಲೆ ನಾನು ಬರೆದಿಟ್ಟ ಬಾಕಿ 10,800. ಕಳೆದು ನೋಡಿದರೆ ಊರೇ ಅವರಿಗೆ 48,210 ಕೊಡಬೇಕು. ಜೂನ್ ತಿಂಗಳ ಭಾನುವಾರ ಎಲ್ಲರೂ ಸೇರಿ ಕಟ್ಟ ಕಟ್ಟುತ್ತೇವೆ ಎಂದು ಒಬ್ಬರು ವಾದಿಸಿದರು. ಕಟ್ಟುತ್ತೇವೆ, ಆದರೆ ಆ ಭಾನುವಾರವೂ ಅವರಿರುತ್ತಾರೆ, ಹಾಗಾಗಿ ಅದು ಎರಡೂ ಕಡೆ ಸರಿಹೋಯಿತು.

ಮೊನ್ನೆ ಸಭೆಯಲ್ಲಿ ಈ ಲೆಕ್ಕವನ್ನು ಓದಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಬೇಡವೇ ಬೇಡ ಎನ್ನುತ್ತಿದ್ದ ಮನೆಯವರು ಎದ್ದು, ನನ್ನ ಕೂಡಿಸುವಿಕೆಯಲ್ಲಿ ತಪ್ಪಿದೆಯೇ ಎಂದು ಮೊಬೈಲಿನಲ್ಲಿ ಗುಣಿಸಿ ನೋಡಿದರು. ತಪ್ಪಿರಲಿಲ್ಲ. ರಿಪೇರಿಗೆ ಹನ್ನೆರಡು ಮನೆಯಿಂದ ತಲಾ 1,900 ಎಂದಾಯಿತು. ಆ ಬೇಡವೆಂದ ಮನೆಯವರು ಹಣ ಕೊಡಲಿಲ್ಲ, ಮಾರನೆಯ ಬೆಳಿಗ್ಗೆ ಮೂರು ಕೆ.ಜಿ. ಕರಿಮೆಣಸು ತಂದು ಜಗಲಿಯ ಮೇಲೆ ಇಟ್ಟುಹೋದರು. ಅಂಚೆ ಇಲಾಖೆಯ ತಕ್ಕಡಿಯಲ್ಲಿ ತೂಗಿದೆ, ಇಲಾಖೆಯವರು ಇದನ್ನು ಓದದಿರಲಿ.

ಮಾವನಿಗೂ 1,900 ಎಂದೆ. ಒಂದು ಕಿಲೋವ್ಯಾಟ್ ಆಗುವುದಿಲ್ಲ ಎಂಬುದನ್ನು ಲೈನ್‌ಮನ್ ಅಣ್ಣನ ಲೆಕ್ಕದ ಸಮೇತ ಹೇಳಿದೆ. "ಇಷ್ಟೇನಾ?" ಎಂದರು. ಮುಖ ಸಪ್ಪೆಯಾಗಿತ್ತು. ಬಿಸಿನೀರಿನ ಮಾತನ್ನು ಅವರೇ ಎತ್ತಿದರು, ಈ ವರ್ಷ ಬೇಡ ಎಂದಿದ್ದೇವೆ.

ಲೈನ್ ಮನೆಯ ಅಕ್ಕನನ್ನೂ ಸಭೆಗೆ ಕರೆದಿದ್ದೆವು, ಮೊದಲ ಸಲ. ಸಂಕೋಚಪಡುತ್ತಾಳೆ ಎಂದುಕೊಂಡಿದ್ದೆ. ಬಾಗಿಲ ಹತ್ತಿರ ನಿಂತೇ ಹೇಳಿದಳು: "ಹಿಂದಿನದನ್ನು ನಿಧಾನ ಕೊಡಿ. ಈ ಜೂನ್‌ನಿಂದ ಮೂವತ್ತಲ್ಲ, ದಿನಕ್ಕೆ ನಲವತ್ತು. ಶನಿವಾರ ಶನಿವಾರ ಕೊಡಬೇಕು. ಕಟ್ಟದ ಹತ್ತಿರ ಒಂದು ಬಲ್ಬು ಬೇಕು." ನಲವತ್ತರಂತೆ ವರ್ಷಕ್ಕೆ 9,200. ಅದಕ್ಕೆ ಶನಿವಾರಸಂತೆ ಅಣ್ಣನ ಮಾತಿನಂತೆ ಕಾಫಿ ಕೊಟ್ಟ ವಾರ ಮನೆಗೆ 1,200 ಎತ್ತುವುದೆಂದು ಬರೆದುಕೊಂಡಿದ್ದೇವೆ, 14,400 ಆಗುತ್ತದೆ. ಉಳಿಯುವ 5,200ರಲ್ಲಿ ಸ್ವಲ್ಪ ಹಳೆಯ ಬಾಕಿಗೆ, ಸ್ವಲ್ಪ ರಿಪೇರಿಗೆ. ಹೀಗೆ ತೀರಿಸಿದರೆ ಹಳೆಯ ಬಾಕಿ ಮುಗಿಯುವಷ್ಟರಲ್ಲಿ ನಾನು ನಿವೃತ್ತಳಾಗಿರುತ್ತೇನೆ. ಮೂರು ಮನೆ ಇನ್ನೂ ಸಹಿ ಹಾಕಿಲ್ಲ.

ಲೈನ್‌ಮನ್ ಅಣ್ಣ, ಯಂತ್ರದ ಗೂಡಿನಿಂದ ಕಟ್ಟಕ್ಕೆ 160 ಮೀಟರ್. 9 ವ್ಯಾಟಿನ ಒಂದು ಬಲ್ಬಿಗೆ ಯಾವ ತಂತಿ ಎಳೆಯಬೇಕು? ಆನೆ ಓಡಾಡುವ ಜಾಗ.

---

ಹಳೇ ಲೈನ್‌ಮನ್

ಕಂಬದ ಮೇಲೆ ಎಳೆಯಲೇಬೇಡಿ, ಆನೆ ಕಂಬವನ್ನೂ ಬಿಡುವುದಿಲ್ಲ. 1.5 ಚದರ ಮಿ.ಮೀ. ಆರ್ಮರ್ಡ್ (ಉಕ್ಕಿನ ಕವಚದ) ಕೇಬಲ್ ತೆಗೆದುಕೊಂಡು, ಪೈಪಿನ ಪಕ್ಕದಲ್ಲೇ ಎರಡು ಅಡಿ ಆಳದಲ್ಲಿ ಹೂಳಿ. ಒಂಬತ್ತು ವ್ಯಾಟಿಗೆ ಅಷ್ಟು ದಪ್ಪ ಬೇಕಿಲ್ಲ, ಬಾಳಿಕೆಗಾಗಿ ಹೇಳುತ್ತಿದ್ದೇನೆ. ನೀರಿನಲ್ಲಿ ನಿಂತವರ ತಲೆಯ ಮೇಲಿನ ದೀಪ ಅದು, ಆ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸಾಧನ) ಹಾಕದೆ ಸ್ವಿಚ್ಚು ಒತ್ತಬೇಡಿ. ಜನರೇಟರಿನ ನ್ಯೂಟ್ರಲ್‌ಗೆ ಅರ್ತ್ ಕೊಡದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆ. ಗೂಡಿನಲ್ಲಿ ಅರ್ತ್ ಗುಂಡಿ ಇದೆಯೇ? ನಾಳೆ ಒಂದು ಫೋಟೋ ತೆಗೆದು ಹಾಕಿ, ನೋಡಿ ಹೇಳುತ್ತೇನೆ.